16ಕ್ಕೆ 12 ಬಂತು, ರಿವ್ಯೂ ಪಾಸಾ?

ಪ್ರಶ್ನೆ: ನಾನು ಎಂಡಿಎಸ್ (ದಂತವೈದ್ಯಕೀಯ ಸ್ನಾತಕೋತ್ತರ) ಎರಡನೇ ವರ್ಷದಲ್ಲಿದ್ದೇನೆ, ವಿಷಯ ಪೆರಿಯೊ, ಅಂದರೆ ವಸಡಿನ ಕಾಯಿಲೆ. ಸಕ್ಕರೆ ಕಾಯಿಲೆ ಇರುವವರಿಗೆ ವಸಡಿನ ಚಿಕಿತ್ಸೆ ಮಾಡಿದರೆ ರಕ್ತದ ಸಕ್ಕರೆ ಇಳಿಯುತ್ತದಾ ಅನ್ನುವುದರ ಬಗ್ಗೆ ಮೂರು ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಎಲ್ಲ ಅಧ್ಯಯನಗಳನ್ನೂ ಹುಡುಕಿ ಒಟ್ಟಿಗೆ ತೂಗುವ ಲೇಖನ) ಸಿಕ್ಕಿವೆ. ಒಂದು ಇಳಿಯುತ್ತದೆ ಅನ್ನುತ್ತದೆ, ಒಂದು ಸ್ವಲ್ಪ ಅನ್ನುತ್ತದೆ, ಮೂರನೆಯದು ಈಗಲೇ ಹೇಳಲಾಗದು ಅನ್ನುತ್ತದೆ. ರಿವ್ಯೂಗಳ ಗುಣಮಟ್ಟ ಅಳೆಯುವ ಆಮ್‌ಸ್ಟಾರ್ 2 ಅನ್ನುವ ಪ್ರಶ್ನಾವಳಿ ಹಾಕಿ ನೋಡು ಅಂತ ಗೈಡ್ ಹೇಳಿದರು. ಮೊದಲ ರಿವ್ಯೂಗೆ ನಾನು 16ಕ್ಕೆ 12 ಕೊಟ್ಟೆ. ಅದಕ್ಕೇ ನನ್ನ ಗೆಳತಿ 9 ಕೊಟ್ಟಳು. 12 ಒಳ್ಳೆಯ ಸ್ಕೋರಾ? ಯಾರ ಲೆಕ್ಕ ಸರಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ 12 ಸರಿಯಲ್ಲ, ನಿಮ್ಮ ಗೆಳತಿಯ 9 ಕೂಡ ಸರಿಯಲ್ಲ. ಕೂಡಿಸುವಾಗ ತಪ್ಪಿದ್ದೀರಿ ಅಂತಲ್ಲ. ಕೂಡಿಸಿದ್ದೇ ತಪ್ಪು.

ಆಮ್‌ಸ್ಟಾರ್ 2007ರಲ್ಲಿ ಬಂದಾಗ ಅದರಲ್ಲಿ 11 ಪ್ರಶ್ನೆಗಳಿದ್ದವು. ಜನ ಅದಕ್ಕೆ 11ಕ್ಕೆ 8, 11ಕ್ಕೆ 9 ಅಂತ ಅಂಕ ಹಾಕುತ್ತಾ ಹೋದರು. ಪರೀಕ್ಷೆ ಬರೆದು ಬರೆದು ನಮಗೆಲ್ಲ ಆ ಚಟ ಅಂಟಿದೆ, ಅಲ್ವಾ? 2017ರಲ್ಲಿ ಆಮ್‌ಸ್ಟಾರ್ 2 ಬಂತು, 16 ಪ್ರಶ್ನೆಗಳೊಂದಿಗೆ. ಇದನ್ನು ಒಟ್ಟು ಅಂಕ ಹಾಕುವುದಕ್ಕೆ ಮಾಡಿಲ್ಲ ಅಂತ ರೂಪಿಸಿದವರೇ ಬರೆದರು. ಆದರೂ ಇವತ್ತಿಗೂ ಥೀಸಿಸ್‌ಗಳಲ್ಲಿ 16ಕ್ಕೆ ಇಷ್ಟು ಅನ್ನುವ ಕಾಲಂ ಕಾಣುತ್ತಲೇ ಇರುತ್ತದೆ.

ಯಾಕೆ ಕೂಡಿಸಬಾರದು? ನೀರಿನ ಕೊಡ ನೆನೆಸಿಕೊಳ್ಳಿ. ಕಂಠದ ಹತ್ತಿರ ಸಣ್ಣ ತೂತಿದ್ದರೂ ಮುಕ್ಕಾಲು ಕೊಡ ನೀರು ನಿಲ್ಲುತ್ತದೆ. ತಳದಲ್ಲಿ ಒಂದೇ ಒಂದು ತೂತಿದ್ದರೆ ಮನೆ ಮುಟ್ಟುವಷ್ಟರಲ್ಲಿ ಕೊಡ ಖಾಲಿ. ಆಮ್‌ಸ್ಟಾರ್ 2ರಲ್ಲಿ ತಳದ ತೂತು ಹುಡುಕುವ ಪ್ರಶ್ನೆಗಳು ಏಳು: 2, 4, 7, 9, 11, 13 ಮತ್ತು 15. ಮೊದಲೇ ಪ್ರೊಟೊಕಾಲ್ (ಕೆಲಸದ ಯೋಜನೆ) ಬರೆದಿಟ್ಟಿದ್ದರಾ, ಹುಡುಕಾಟ ಸರಿಯಾಗಿತ್ತಾ, ಕೈಬಿಟ್ಟ ಅಧ್ಯಯನಗಳ ಪಟ್ಟಿ ಇದೆಯಾ, ಪ್ರತಿ ಟ್ರಯಲ್‌ನಲ್ಲಿ (ರೋಗಿಗಳಲ್ಲಿ ಮಾಡಿದ ಚಿಕಿತ್ಸೆಯ ಪ್ರಯೋಗದಲ್ಲಿ) ಪಕ್ಷಪಾತ ಎಷ್ಟಿದೆ ಅಂತ ನೋಡಿದ್ದಾರಾ, ಟ್ರಯಲ್‌ಗಳ ಅಂಕಿಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕುವ ಮೆಟಾ ಅನಾಲಿಸಿಸ್ ವಿಧಾನ ಸರಿಯಾ, ಆ ಪಕ್ಷಪಾತವನ್ನು ಫಲಿತಾಂಶ ಚರ್ಚಿಸುವಾಗ ನೆನಪಿಟ್ಟುಕೊಂಡಿದ್ದಾರಾ, ಪ್ರಕಟವಾಗದೆ ಉಳಿದ ಟ್ರಯಲ್‌ಗಳ ಬಗ್ಗೆ ಯೋಚಿಸಿದ್ದಾರಾ. ಈ ಏಳರಲ್ಲಿ ಒಂದು ಕೈಕೊಟ್ಟರೆ ರಿವ್ಯೂ 'ಲೋ'. ಎರಡು ಅಥವಾ ಜಾಸ್ತಿ ಕೈಕೊಟ್ಟರೆ 'ಕ್ರಿಟಿಕಲಿ ಲೋ'. ಉಳಿದ ಒಂಬತ್ತರಲ್ಲಿ ಒಂದೇ ಒಂದು ಕೊರತೆ, ಅಥವಾ ಅದೂ ಇಲ್ಲ ಅಂದರೆ 'ಹೈ'. ಆ ಒಂಬತ್ತರಲ್ಲೇ ಒಂದಕ್ಕಿಂತ ಜಾಸ್ತಿ ಇದ್ದರೆ 'ಮಾಡರೇಟ್'.

ಈಗ ನಿಮ್ಮ 12ನ್ನು ಮತ್ತೆ ನೋಡಿ. ಹೋದ ನಾಲ್ಕೂ ಸಣ್ಣ ಪ್ರಶ್ನೆಗಳಾಗಿದ್ದರೆ ಆ ರಿವ್ಯೂ ಮಾಡರೇಟ್. ಅವು 2, 4, 7, 9 ಆಗಿದ್ದರೆ ಕ್ರಿಟಿಕಲಿ ಲೋ. ಎರಡಕ್ಕೂ 12 ಅನ್ನುವ ಒಂದೇ ನಂಬರು! ಆ ನಂಬರು ನಿಮಗೆ ಏನನ್ನೂ ಹೇಳುತ್ತಿಲ್ಲ.

ಒಂದು ಎಚ್ಚರಿಕೆ. ಈ ಅಳತೆ ಹಿಡಿದು ಹೊರಟರೆ ದಂತವೈದ್ಯಕೀಯದ ರಿವ್ಯೂಗಳಲ್ಲಿ ಬಹುಪಾಲು ಕ್ರಿಟಿಕಲಿ ಲೋ ಅಂತಲೇ ಬರುತ್ತವೆ. ಹತ್ತು ನೋಡಿ ಹತ್ತೂ ಹಾಗೇ ಬಂದರೆ ನೀವು ತಪ್ಪು ಮಾಡಿದಿರಿ ಅಂತ ಗಾಬರಿ ಬೀಳಬೇಡಿ. ಹಾಗಂತ ಎಲ್ಲದರ ಮೇಲೂ ಮೊಹರು ಒತ್ತಿ ಸುಮ್ನೆ ಕೂರಬೇಡಿ. ಯಾವ ತೂತು, ಅದರಿಂದ ಉತ್ತರ ಯಾವ ಕಡೆ ವಾಲಿರಬಹುದು ಅನ್ನುವುದನ್ನು ಬರೆಯುವುದೇ ಈ ಕೆಲಸದ ಸಾರ.

ಜಾಸ್ತಿ ರಿವ್ಯೂಗಳು ಎಡವುವುದು 7ರಲ್ಲಿ. ಪೂರ್ತಿ ಓದಿ ಆಮೇಲೆ ಕೈಬಿಟ್ಟ ಅಧ್ಯಯನಗಳ ಪಟ್ಟಿ, ಒಂದೊಂದನ್ನೂ ಯಾಕೆ ಬಿಟ್ಟರು ಅನ್ನುವ ಕಾರಣ. '43 ಲೇಖನ ಕೈಬಿಡಲಾಯಿತು' ಅಂತ ಪ್ರಿಸ್ಮಾ ಚಿತ್ರದಲ್ಲಿ (ಎಷ್ಟು ಲೇಖನ ಸಿಕ್ಕವು, ಎಷ್ಟು ಉಳಿದವು ಅಂತ ತೋರಿಸುವ ನಕ್ಷೆಯಲ್ಲಿ) ಒಂದು ಡಬ್ಬಿ ಬರೆದರೆ ಸಾಲದು. ಯಾವ 43? ಮದುವೆಗೆ ಯಾರನ್ನು ಕರೆದರು ಅನ್ನುವುದಕ್ಕಿಂತ ಯಾರನ್ನು ಬಿಟ್ಟರು ಅನ್ನುವುದರಲ್ಲೇ ಮನೆಯ ರಾಜಕೀಯ ಗೊತ್ತಾಗುತ್ತದೆ, ಇದೂ ಹಾಗೇ. ನಿಮ್ಮ ವಿಷಯದಲ್ಲೇ ತೋರಿಸುತ್ತೇನೆ.

2013ರ ಡಿಸೆಂಬರ್‌ನಲ್ಲಿ ಜಾಮಾ ಪತ್ರಿಕೆಯಲ್ಲಿ ಅಮೆರಿಕದ ಒಂದು ದೊಡ್ಡ ಟ್ರಯಲ್ ಬಂತು. 514 ಜನ. ಅದುವರೆಗೆ ಈ ವಿಷಯದ ಎಷ್ಟೋ ಟ್ರಯಲ್‌ಗಳು ನಲವತ್ತು, ಅರವತ್ತು ಜನರವು. ಆರು ತಿಂಗಳಾದರೂ ಚಿಕಿತ್ಸೆ ಪಡೆದ ಗುಂಪಿನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯ ಅಳತೆ) ಇಳಿಯಲಿಲ್ಲ. ಮುಂದುವರಿಸಿ ಪ್ರಯೋಜನ ಇಲ್ಲ ಅಂತ ಟ್ರಯಲ್ ಅರ್ಧದಲ್ಲೇ ನಿಂತಿತು. ಪೆರಿಯೊದವರು ಸುಮ್ಮನಿರಲಿಲ್ಲ. ಚಿಕಿತ್ಸೆ ಆದ ಮೇಲೂ ಅವರ ಹಲ್ಲಿನ ಮೇಲೆ ಪ್ಲಾಕ್ (ಬ್ಯಾಕ್ಟೀರಿಯಾದ ಅಂಟು ಪದರ) ಜಾಸ್ತಿಯೇ ಉಳಿದಿತ್ತು, ಚಿಕಿತ್ಸೆಯೇ ಸರಿಯಾಗಿ ಆಗಿಲ್ಲ, ಸಕ್ಕರೆ ಹೇಗೆ ಇಳಿದೀತು ಅಂತ ತಗಾದೆ ತೆಗೆದರು. ಅದರಲ್ಲೂ ಹುರುಳಿದೆ.

ನಿಮ್ಮ ರಿವ್ಯೂದವರು ಹುಡುಕಾಟ ನಿಲ್ಲಿಸಿದ ತಾರೀಖು ನೋಡಿ. 2013ರ ನಡುವೆ ನಿಲ್ಲಿಸಿದ್ದರೆ ಈ 514 ಜನ ಅವರ ಲೆಕ್ಕದಲ್ಲೇ ಇಲ್ಲ. ಅದು ಕಳ್ಳತನ ಅಲ್ಲ, ಕಾಲದ ಮಿತಿ. 2015ರವರೆಗೆ ಹುಡುಕಿಯೂ ಈ ಟ್ರಯಲ್ ಇಲ್ಲದಿದ್ದರೆ ಒಂದೋ ಅವರಿಗೆ ಸಿಕ್ಕಿಲ್ಲ, ಆಗ ತೂತು 4ರಲ್ಲಿ. ಅಥವಾ ಸಿಕ್ಕಿ ಬಿಟ್ಟಿದ್ದಾರೆ. ಬಿಟ್ಟಿದ್ದರೆ ಕಾರಣ ಬರೆದಿರಬೇಕು, ಆ ಕಾರಣ ಟ್ರಯಲ್‌ನ ಫಲಿತಾಂಶ ನೋಡುವ ಮೊದಲೇ ಪ್ರೊಟೊಕಾಲ್‌ನಲ್ಲಿ ಇದ್ದಿರಬೇಕು. 'ಪ್ಲಾಕ್ ಜಾಸ್ತಿ ಉಳಿದಿದ್ದರೆ ಸೇರಿಸುವುದಿಲ್ಲ' ಅಂತ ಮೊದಲೇ ಬರೆದಿದ್ದರೆ ನ್ಯಾಯ. ಫಲಿತಾಂಶ ಹಿಡಿಸದೆ ಆಮೇಲೆ ಬರೆದಿದ್ದರೆ ಆಟ ಮುಗಿದ ಮೇಲೆ ನಿಯಮ ಬದಲಿಸಿದ ಹಾಗೆ. 2, 4, 7 ಬೇರೆ ಬೇರೆ ಪ್ರಶ್ನೆಗಳ ಹಾಗೆ ಕಂಡರೂ ನಿಜವಾದ ರಿವ್ಯೂ ಕೈಯಲ್ಲಿ ಹಿಡಿದಾಗ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ.

ಪ್ರೊಟೊಕಾಲ್ ಅಂದರೆ ನಿಮಗೆ ಹೊಸದೇನಲ್ಲ. ಥೀಸಿಸ್ ಶುರು ಮಾಡುವ ಮೊದಲು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಿನಾಪ್ಸಿಸ್ ಕೊಡುತ್ತೀರಲ್ಲ, ಅದೇ ಜಾತಿಯದು. ರಿವ್ಯೂಗಳಿಗೆ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಾಸ್ಪೆರೊ ಅನ್ನುವ ದಾಖಲೆ ಪುಸ್ತಕ ತೆರೆದರು. ರಿವ್ಯೂದಲ್ಲಿ ಪ್ರಾಸ್ಪೆರೊ ನಂಬರ್ ಇದೆ ಅಂತ ಟಿಕ್ ಹಾಕಿ ಮುಂದೆ ಹೋಗಬೇಡಿ. ಆ ನಂಬರ್ ಹಾಕಿ ತೆರೆಯಿರಿ. ನೋಂದಾಯಿಸಿದ ತಾರೀಖು ಮತ್ತು ಹುಡುಕಾಟದ ತಾರೀಖು ಪಕ್ಕಪಕ್ಕ ಇಡಿ. ಅಲ್ಲಿ ಬರೆದ ಮುಖ್ಯ ಫಲಿತಾಂಶವೂ ರಿವ್ಯೂದಲ್ಲಿ ಮುಖ್ಯ ಅಂದಿದ್ದೂ ಒಂದೇನಾ ನೋಡಿ. ಹತ್ತು ನಿಮಿಷದ ಕೆಲಸ. ಕೆಲವು ಸಲ ಎದೆ ಧಸಕ್ ಅನ್ನುತ್ತದೆ.

ಹುಡುಕಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಬ್‌ಮೆಡ್ ಒಂದೇ ನೋಡಿದ್ದರೆ ಫೇಲ್, ಕನಿಷ್ಠ ಎರಡು ಡೇಟಾಬೇಸ್ ಬೇಕು. 'ಇಂಗ್ಲಿಷ್ ಲೇಖನ ಮಾತ್ರ' ಅಂತ ಮಿತಿ ಹಾಕಿದ್ದರೆ ಸಮರ್ಥನೆ ಬೇಕು. ಪೂರ್ತಿ 'ಯೆಸ್' ಕೊಡಬೇಕಾದರೆ ಟ್ರಯಲ್ ರಿಜಿಸ್ಟ್ರಿಗಳನ್ನೂ ನೋಡಿರಬೇಕು. ನಮ್ಮಲ್ಲಿ ಸಿಟಿಆರ್‌ಐ (ಭಾರತದ ಟ್ರಯಲ್ ರಿಜಿಸ್ಟ್ರಿ) 2007ರಿಂದ ಇದೆ, 2009ರ ಜೂನ್‌ನಿಂದ ಟ್ರಯಲ್ ನೋಂದಣಿ ಕಡ್ಡಾಯ. ಶುರುವಾಗಿ ಎಲ್ಲೂ ಪ್ರಕಟವಾಗದ ಟ್ರಯಲ್‌ಗಳ ಸುಳಿವು ಸಿಗುವುದು ಇಂಥಲ್ಲೇ. 15ನೇ ಪ್ರಶ್ನೆಗೆ ಫನಲ್ ಪ್ಲಾಟ್ (ಪ್ರಕಟವಾಗದೆ ಉಳಿದ ಟ್ರಯಲ್‌ಗಳ ಸುಳಿವು ಹುಡುಕುವ ಚಿತ್ರ) ಹಾಕಿದ್ದಾರೆ ಅಂತ ಖುಷಿಪಡುವ ಮೊದಲು ಎಷ್ಟು ಟ್ರಯಲ್ ಇದೆ ಎಣಿಸಿ. ಹತ್ತಕ್ಕಿಂತ ಕಡಿಮೆ ಇದ್ದರೆ ಆ ಚಿತ್ರದಿಂದ ಏನೂ ಹೇಳಲು ಬರುವುದಿಲ್ಲ.

ಇನ್ನು ನಮ್ಮ ಹಲ್ಲಿನ ಲೋಕದ್ದೇ ಆದ ಒಂದು ತೊಂದರೆ. ಆಮ್‌ಸ್ಟಾರ್ 2ನ್ನು ಮಾಡಿದ್ದು ಎಲ್ಲ ವೈದ್ಯಕೀಯಕ್ಕೂ ಸೇರಿಸಿ. ಹಾಗಾಗಿ ಇದನ್ನು ನೇರವಾಗಿ ಕೇಳುವ ಪ್ರಶ್ನೆ 16ರಲ್ಲಿ ಇಲ್ಲ. ನೀವೇ ಕೇಳಿಕೊಳ್ಳಬೇಕು: ಇವರು ಎಣಿಸಿದ್ದು ಜನರನ್ನಾ, ಹಲ್ಲುಗಳನ್ನಾ?

ಹೃದಯದ ವೈದ್ಯರಿಗೆ ಈ ತಲೆನೋವಿಲ್ಲ, ಒಬ್ಬರಿಗೆ ಒಂದೇ ಹೃದಯ. ನಮ್ಮಲ್ಲಿ ಒಬ್ಬರಿಗೆ 32 ಹಲ್ಲು, ಒಂದೊಂದು ಹಲ್ಲಿನ ಸುತ್ತ ಪಾಕೆಟ್ (ಹಲ್ಲಿಗೂ ವಸಡಿಗೂ ನಡುವಿನ ಸಂದು) ಅಳೆಯುವ ಆರು ಜಾಗ. ಒಂದು ಟ್ರಯಲ್ ಊಹಿಸಿಕೊಳ್ಳಿ. ಎರಡು ಗುಂಪು, ಒಂದೊಂದರಲ್ಲಿ 20 ಜನ, ಒಬ್ಬೊಬ್ಬರಲ್ಲಿ 6 ಜಾಗ ಅಳೆದರು. ಗುಂಪಿಗೆ 120 ಅಳತೆ. ಲೇಖಕರು ಅದನ್ನು 120 ಬೇರೆ ಬೇರೆ ರೋಗಿಗಳ ಹಾಗೆ ಲೆಕ್ಕಕ್ಕೆ ಹಾಕಿದರು. ಆದರೆ ಒಬ್ಬರ ಬಾಯಿಯ ಆರು ಜಾಗಗಳು ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ. ಅದೇ ಎಂಜಲು, ಅದೇ ಬ್ರಷ್, ಅದೇ ಬೀಡಿ ಚಟ. ಒಂದು ವಾಸಿಯಾದರೆ ಇನ್ನೊಂದೂ ವಾಸಿಯಾಗುವ ಸಾಧ್ಯತೆ ಜಾಸ್ತಿ. ಈ ಹೋಲಿಕೆಯ ಅಳತೆ 0.3 ಅಂದುಕೊಳ್ಳೋಣ. ಆಗ ಲೆಕ್ಕ ಹೀಗೆ: ಆರು ಜಾಗದಲ್ಲಿ ಒಂದು ಕಳೆದು ಉಳಿದ 5ನ್ನು 0.3ರಿಂದ ಗುಣಿಸಿ, ಅದಕ್ಕೆ 1 ಕೂಡಿಸಿ, ಅಂದರೆ 2.5. ನಿಮ್ಮ 120ನ್ನು 2.5ರಿಂದ ಭಾಗಿಸಿ. 48 ಬರುತ್ತದೆ. 48ರ ತೂಕದ ಟ್ರಯಲ್ 120ರ ವೇಷ ಹಾಕಿಕೊಂಡು ಮೆಟಾ ಅನಾಲಿಸಿಸ್ ಒಳಗೆ ನುಗ್ಗಿತು. ಅಕ್ಕಪಕ್ಕದ ಪ್ರಾಮಾಣಿಕ ಟ್ರಯಲ್‌ಗಳನ್ನು ಬದಿಗೆ ತಳ್ಳಿ, ಚಿತ್ರದಲ್ಲಿ ತೂಕ ತೋರಿಸುವ ದೊಡ್ಡ ಚೌಕ ತಾನೇ ಹಾಕಿಕೊಂಡಿತು.

ಹಿಡಿಯುವುದು ಸುಲಭ. ರಿವ್ಯೂದಲ್ಲಿ ಸೇರಿಸಿದ ಅಧ್ಯಯನಗಳ ಟೇಬಲ್ ಒಂದು ಕೈಯಲ್ಲಿ, ಫಾರೆಸ್ಟ್ ಪ್ಲಾಟ್ (ಒಂದೊಂದು ಟ್ರಯಲ್‌ನ ಫಲಿತಾಂಶ, ತೂಕ ತೋರಿಸುವ ಆ ಚಿತ್ರ) ಇನ್ನೊಂದು ಕೈಯಲ್ಲಿ ಹಿಡಿಯಿರಿ. ಟೇಬಲ್‌ನಲ್ಲಿ ಗುಂಪಿಗೆ 20 ಜನ, ಪ್ಲಾಟ್‌ನ ಟೋಟಲ್ ಕಾಲಂನಲ್ಲಿ 120 ಅಂತಿದ್ದರೆ ಕಳ್ಳ ಸಿಕ್ಕಿಬಿದ್ದ. ನಾನಾದರೆ ಇದಕ್ಕೆ 11ನೇ ಪ್ರಶ್ನೆಯಲ್ಲಿ 'ನೋ' ಕೊಡುತ್ತೇನೆ, ಕಾರಣ ಪಕ್ಕದಲ್ಲೇ ಬರೆಯುತ್ತೇನೆ.

ಸ್ಪ್ಲಿಟ್ ಮೌತ್ ಟ್ರಯಲ್‌ಗಳದ್ದು ಇದರ ಉಲ್ಟಾ ಕಥೆ. ಬಾಯಿಯ ಅರ್ಧಕ್ಕೆ ಚಿಕಿತ್ಸೆ, ಇನ್ನರ್ಧಕ್ಕೆ ಇಲ್ಲ. ಅದೇ ಮನುಷ್ಯನಲ್ಲಿ ಹೋಲಿಸುವುದರಿಂದ ಕಡಿಮೆ ಜನ ಸಾಕು. ಆ ಜೋಡಿಯನ್ನು ಬಿಡಿಸಿ ಎರಡು ಬೇರೆ ಗುಂಪು ಅಂತ ಲೆಕ್ಕ ಹಾಕಿದರೆ ಟ್ರಯಲ್‌ಗೆ ಸಿಗಬೇಕಾದ ತೂಕ ಸಿಗುವುದಿಲ್ಲ. ಜೊತೆಗೆ ಇನ್ನೊಂದು ಗೊಂದಲ, ಬಲಗಡೆ ಹಾಕಿದ ಜೆಲ್ ಎಂಜಲಿನ ಜೊತೆ ಎಡಗಡೆಗೂ ಹೋಗುತ್ತದೆ. ನಿಮ್ಮ ವಿಷಯಕ್ಕಂತೂ ಸ್ಪ್ಲಿಟ್ ಮೌತ್ ನಡೆಯುವುದೇ ಇಲ್ಲ. ಬಾಯಿಯನ್ನು ಎರಡು ಪಾಲು ಮಾಡಬಹುದು, ರಕ್ತವನ್ನು ಮಾಡಲಾಗುವುದಿಲ್ಲ. ಎಚ್‌ಬಿಎ1ಸಿ ರಿವ್ಯೂದಲ್ಲಿ ಸ್ಪ್ಲಿಟ್ ಮೌತ್ ಟ್ರಯಲ್ ಕಂಡರೆ ಮಾಡಿದವರು ನಿದ್ದೆಗಣ್ಣಿನಲ್ಲಿದ್ದರು ಅಂತ ಅರ್ಥ.

ಎರಡೆರಡು ಸಲ ಎಣಿಸುವ ತಪ್ಪು ನಾನೂ ಮಾಡಿದವನೇ. ನಮ್ಮ ಮೊದಲ ರಿವ್ಯೂದಲ್ಲಿ ಎರಡು ಟ್ರಯಲ್‌ಗಳು ಚೆನ್ನಾಗಿ ಒಂದನ್ನೊಂದು ಒಪ್ಪುತ್ತಿದ್ದವು. ಖುಷಿಯಾಗಿದ್ದೆವು. ಒಂದು ರಾತ್ರಿ ಟೇಬಲ್ ತಿದ್ದುವಾಗ ನೋಡುತ್ತೇನೆ, ಎರಡರಲ್ಲೂ ಶುರುವಿನ ಪಾಕೆಟ್ ಆಳದ ಸರಾಸರಿ ಎರಡನೇ ದಶಮಾಂಶದವರೆಗೂ ಒಂದೇ. ಸರಾಸರಿ ವಯಸ್ಸೂ ಒಂದೇ. ಅದೇ ಟ್ರಯಲ್! ಮೂರು ತಿಂಗಳ ಫಲಿತಾಂಶ ಒಂದು ಪತ್ರಿಕೆಯಲ್ಲಿ, ಆರು ತಿಂಗಳದ್ದು ಇನ್ನೊಂದರಲ್ಲಿ, ಲೇಖಕರ ಹೆಸರಿನ ಕ್ರಮ ಮಾತ್ರ ಅದಲುಬದಲು. ಇಬ್ಬರು ಬೇರೆ ಬೇರೆ ಕೂತು ದತ್ತಾಂಶ ತೆಗೆಯಬೇಕು ಅಂತ 6ನೇ ಪ್ರಶ್ನೆ ಯಾಕೆ ಕೇಳುತ್ತದೆ ಅಂತ ನನಗೆ ಅವತ್ತು ತಿಳಿಯಿತು. ಅದನ್ನು ಒಬ್ಬನೇ ತೆಗೆದಿದ್ದೆ.

ಒಂದು ಪ್ರಶ್ನೆಯ ಬಗ್ಗೆ ನನಗೆ ಆಮ್‌ಸ್ಟಾರ್‌ನವರ ಜೊತೆ ಸಣ್ಣ ತಕರಾರಿದೆ. 10ನೆಯದು: ಸೇರಿಸಿದ ಟ್ರಯಲ್‌ಗಳಿಗೆ ದುಡ್ಡು ಯಾರು ಕೊಟ್ಟರು ಅಂತ ರಿವ್ಯೂ ಬರೆದಿದೆಯಾ? ಅವರು ಇದನ್ನು ಸಣ್ಣ ಪ್ರಶ್ನೆಗಳ ಸಾಲಿಗೆ ಹಾಕಿದ್ದಾರೆ. ಟೂತ್‌ಪೇಸ್ಟ್, ಬ್ರಷ್, ಮೌತ್‌ವಾಶ್, ಇಂಪ್ಲಾಂಟ್ ವಿಷಯಕ್ಕೆ ಬಂದರೆ ನನ್ನ ಪ್ರಕಾರ ಇದು ತಳದ ತೂತು. ಯಾವುದು ಮುಖ್ಯ ಅನ್ನುವುದನ್ನು ವಿಷಯಕ್ಕೆ ತಕ್ಕಂತೆ ಬದಲಿಸಿಕೊಳ್ಳಲು ಅವರೇ ಅವಕಾಶ ಕೊಟ್ಟಿದ್ದಾರೆ. ಬದಲಿಸುವುದಾದರೆ ರಿವ್ಯೂ ಓದುವ ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಾವು ಅವರಿಗೆ ಹೇಳಿದ ಬುದ್ಧಿಮಾತು ನಮಗೇ ತಿರುಗುತ್ತದೆ.

ಪ್ರಿಸ್ಮಾ ಬಗ್ಗೆಯೂ ಒಂದು ಮಾತು. 'ಪ್ರಿಸ್ಮಾ ಪಾಲಿಸಿದ್ದಾರೆ, ಹಾಗಾಗಿ ಗುಣಮಟ್ಟ ಚೆನ್ನಾಗಿದೆ' ಅಂತ ಬರೆಯಬೇಡಿ. ಪ್ರಿಸ್ಮಾ ಇರುವುದು ಏನು ಮಾಡಿದಿರಿ ಅಂತ ಬಿಚ್ಚಿ ಹೇಳುವುದಕ್ಕೆ, ಮಾಡಿದ್ದು ಸರಿಯಾ ಅಂತ ನೋಡುವುದಕ್ಕಲ್ಲ. 'ಒಬ್ಬನೇ ಕೂತು ಪಬ್‌ಮೆಡ್ ಮಾತ್ರ ನೋಡಿದೆ' ಅಂತ ಪ್ರಾಮಾಣಿಕವಾಗಿ ಬರೆದರೂ ಪ್ರಿಸ್ಮಾಗೆ ತೃಪ್ತಿಯೇ. 2016ರಲ್ಲಿ ಬಂದ ರೋಬಿಸ್ ಅನ್ನುವ ಇನ್ನೊಂದು ಸಾಧನವೂ ಇದೆ. ಚೆನ್ನಾಗಿದೆ, ಆದರೆ ಮೊದಲ ಸಲಕ್ಕೆ ಕಷ್ಟ. ಈಗ ಬೇಡ.

ಈಗ ನಿಮ್ಮ ಪತ್ರದಲ್ಲಿ ನೇರವಾಗಿ ಇಲ್ಲದಿದ್ದರೂ ಒಳಗೆ ಕೂತಿರುವ ಪ್ರಶ್ನೆ. ರಿವ್ಯೂ 'ಹೈ' ಬಂದರೆ ಅದರ ಉತ್ತರ ನಂಬಬಹುದಾ? ಆತುರ ಬೇಡ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬಗ್ಗೆ ಕಾಕ್ರೇನ್ (ಇಂಥ ರಿವ್ಯೂಗಳನ್ನು ಮಾಡುವ ಸಂಸ್ಥೆ) ಮಾಡಿದ 2017ರ ರಿವ್ಯೂ ತೆಗೆದು ನೋಡಿ. ಕೆಲಸ ಅಚ್ಚುಕಟ್ಟು. 51 ಟ್ರಯಲ್, 5345 ಜನ. ಆ 51ರಲ್ಲಿ 50 ಟ್ರಯಲ್‌ಗಳಲ್ಲಿ ಪಕ್ಷಪಾತದ ಅಪಾಯ ಹೆಚ್ಚು, ಉಳಿದ ಒಂದು ಅಸ್ಪಷ್ಟ. ಲೆಕ್ಕ ಬರೆದವರು ಪೈಸೆ ಪೈಸೆ ಸರಿಯಾಗಿ ಬರೆದಿದ್ದಾರೆ, ಆದರೆ ಮನೆ ಸಾಲದಲ್ಲಿದೆ ಅನ್ನುವ ಹಾಗೆ. ಆಮ್‌ಸ್ಟಾರ್ ನೋಡುವುದು ಲೆಕ್ಕ ಬರೆದ ರೀತಿಯನ್ನು. ಮನೆಯ ಸ್ಥಿತಿ, ಅಂದರೆ ಸಾಕ್ಷ್ಯವನ್ನು ಎಷ್ಟು ನಂಬಬಹುದು ಅಂತ ನೋಡುವುದಕ್ಕೆ ಗ್ರೇಡ್ ಅನ್ನುವ ಸಾಧನ ಬೇರೆಯೇ ಇದೆ. ಥೀಸಿಸ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಕಾಲಂ ಇಡಿ.

ಮೂರನೇ ಪದರವೊಂದಿದೆ, ಅದಕ್ಕೆ ಇವೆರಡೂ ಸಾಲವು. 2005ರಲ್ಲಿ ನಾರ್ವೆಯ ಜಾನ್ ಸುಡ್ಬೊ ಅನ್ನುವ ದಂತವೈದ್ಯ-ಸಂಶೋಧಕ ಬಾಯಿ ಕ್ಯಾನ್ಸರ್ ಬಗ್ಗೆ 908 ಜನರ ಅಧ್ಯಯನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದಿನ ವರ್ಷ ಗೊತ್ತಾಯಿತು, ಆ 908 ಜನ ಇರಲೇ ಇಲ್ಲ. ಅವರಲ್ಲಿ 250 ಮಂದಿಗೆ ಒಂದೇ ಹುಟ್ಟಿದ ದಿನ! ಲೇಖನ ವಾಪಸ್ ಆಯಿತು. ದತ್ತಾಂಶ ನಿಜವೋ ಕಟ್ಟಿದ್ದೋ ಅಂತ ಆಮ್‌ಸ್ಟಾರ್ 2 ಕೇಳುವುದಿಲ್ಲ. ಅದಕ್ಕೇ ರಿವ್ಯೂದಲ್ಲಿರುವ ಟ್ರಯಲ್‌ಗಳಲ್ಲಿ ಯಾವುದಾದರೂ ಆಮೇಲೆ ವಾಪಸ್ ಆಗಿದೆಯಾ ಅಂತ ಒಂದು ಸಲ ಹುಡುಕಿಬಿಡಿ.

ಹಾಗಾದರೆ ನಿಮ್ಮ ಮೂರು ರಿವ್ಯೂ ಮೂರು ಮಾತಾಡುವುದು ಯಾಕೆ? ಗುಣಮಟ್ಟ ಒಂದು ಕಾರಣ ಇರಬಹುದು, ಅದೇ ಎಲ್ಲ ಅಲ್ಲ. ಕಾಕ್ರೇನ್‌ನವರು ಇದೇ ಪ್ರಶ್ನೆಗೆ ಮೂರು ಸಲ ಕೊಟ್ಟ ಉತ್ತರ ನೋಡಿ. 2010ರಲ್ಲಿ ಸಿಕ್ಕಿದ್ದೇ ಏಳು ಅಧ್ಯಯನ, ಲೆಕ್ಕಕ್ಕೆ ಬಂದದ್ದು ಮೂರು. ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ 0.40 ಇಳಿಕೆ. 2015ರಲ್ಲಿ ಅದು 0.29ಕ್ಕೆ ಬಂತು, ಆರು ತಿಂಗಳವರೆಗೆ ಉಳಿಯುತ್ತದೆ ಅನ್ನುವುದಕ್ಕೆ ಸಾಕ್ಷ್ಯ ಸಾಲದು ಅಂದರು. 2022ರಲ್ಲಿ 35 ಟ್ರಯಲ್, 3249 ಜನ. ಮೂರ್ನಾಲ್ಕು ತಿಂಗಳಿಗೆ 0.43, ಆರು ತಿಂಗಳಿಗೆ 0.30 ಇಳಿಕೆ. ಸಾಕ್ಷ್ಯದ ಭರವಸೆ 'ಲೋ'ದಿಂದ 'ಮಾಡರೇಟ್'ಗೆ ಏರಿತು. ಎಂಟು ಇದ್ದ ಎಚ್‌ಬಿಎ1ಸಿ ಏಳೂವರೆ ಹತ್ತಿರ ಬಂದ ಹಾಗೆ. ಒಂದೇ ಸಂಸ್ಥೆ, ಒಂದೇ ಪ್ರಶ್ನೆ, ಅಷ್ಟೇ ಎಚ್ಚರದ ವಿಧಾನ. ಬದಲಾದದ್ದು ಕೈಗೆ ಸಿಕ್ಕ ಟ್ರಯಲ್‌ಗಳು. 'ಹೇಳಲಾಗದು' ಅನ್ನುವ ನಿಮ್ಮ ಮೂರನೇ ರಿವ್ಯೂ ಹಳೆಯದಾಗಿದ್ದರೆ ಅದು ಅವತ್ತಿನ ಮಟ್ಟಿಗೆ ಸರಿಯೇ ಹೇಳಿರಬಹುದು.

ಕೊನೆಗೆ ನಿಮ್ಮ 12 ಮತ್ತು ಗೆಳತಿಯ 9. ಮೂರರ ಆ ವ್ಯತ್ಯಾಸ ಯಾವ ಪ್ರಶ್ನೆಗಳಲ್ಲಿ ಅಂತ ನೀವು ಬರೆದಿಲ್ಲ. ನನ್ನ ಊಹೆ, ಅದು 'ಪಾರ್ಷಿಯಲ್ ಯೆಸ್' ಜಗಳ. 2, 4, 7, 9ರಂಥ ಪ್ರಶ್ನೆಗಳಿಗೆ ಆ ಉತ್ತರಕ್ಕೂ ಅವಕಾಶ ಇದೆ. ನೀವು ಅದನ್ನು ಪಾಸ್ ಅಂದಿರಿ, ಅವಳು ಫೇಲ್ ಅಂದಳು. ಉದಾಹರಣೆಗೆ 7ರಲ್ಲಿ ಕೈಬಿಟ್ಟವುಗಳ ಪಟ್ಟಿ ಇದ್ದರೆ ಪಾರ್ಷಿಯಲ್, ಒಂದೊಂದಕ್ಕೂ ಕಾರಣ ಇದ್ದರೆ ಪೂರ್ತಿ. ಪಟ್ಟಿಯೇ ಇಲ್ಲದಿದ್ದರೆ 'ನೋ', ಅದು ಮಾತ್ರ ತಳದ ತೂತು. ಪಟ್ಟಿ ಲೇಖನದ ಒಳಗೇ ಇರಬೇಕಂತಿಲ್ಲ, ಸಪ್ಲಿಮೆಂಟ್ ಫೈಲ್ ತೆರೆದು ನೋಡಿ, ಬಹಳ ಜನ ಅದನ್ನು ಮರೆಯುತ್ತಾರೆ. ಇಬ್ಬರೂ ಕೂತು ಆ ಪ್ರಶ್ನೆಗಳ ಅರ್ಥ ಮೊದಲು ಒಪ್ಪಿಕೊಳ್ಳಿ. ಆಮೇಲೆ ಉಳಿದ ಎರಡು ರಿವ್ಯೂಗಳನ್ನು ಬೇರೆ ಬೇರೆ ಕೂತು ನೋಡಿ, ಪ್ರತಿ ಉತ್ತರದ ಪಕ್ಕ ಯಾವ ಪುಟದಲ್ಲಿ ಸಿಕ್ಕಿತು ಅಂತ ಬರೆಯಿರಿ. ಒಟ್ಟು ಅಂಕದ ಕಾಲಂ ಈಗಲೇ ಅಳಿಸಿ.